ತೇಲುವ ಕಲ್ಲು



ಹಿಮ್ಮಡಿ ತಿಕ್ಕಲು ಬಚ್ಚಲುಮನೆಯಲ್ಲಿ ಇಡುವ ಬೂದುಬಣ್ಣದ ಹಗುರವಾದ ಕಲ್ಲನ್ನು ತಾವು ಬಲ್ಲಿರಿ. (ಅಂಗಡಿಯಲ್ಲಿ ದೊರೆಯುವುದೆಲ್ಲವೂ ಅಸಲಿನದಲ್ಲ, ಕಾರ್ಖಾನೆಯಲ್ಲಿ ಮಾಡಿದ್ದೂ ಉಂಟು.) ಆಂಗ್ಲರು ಪ್ಯೂಮಿಸ್ ಎನ್ನುವ ಇದನ್ನು ನಾವು ನೊರೆಗಲ್ಲು ಎನ್ನೋಣ. ಹೆಸರಿಗೆ ಕಲ್ಲಾದರೂ ವಾಸ್ತವವಾಗಿ ಇದು ಗಾಜಿನ ನೊರೆ.

ಭೂಗರ್ಭದ ಶಿಲಾರಸದಲ್ಲಿ ನೀರು ಕರಗಿರುತ್ತದೆ. ಮೇಲಣ ಬಂಡೆಗಳ ಒತ್ತಡವಿರುವವರೆಗೆ ಅದು ಅಡಗಿಯೇ ಇರುವುದು. ರಸವು ಮೇಲೇರಿ ಒತ್ತಡವು ಕುಗ್ಗಿತೆಂದರೆ, ಸೋಡಾ ಬುಡ್ಡಿಯ ಗೋಲಿಯನ್ನು ಒತ್ತಿದಾಗ ಆಗುವಂತೆ, ಗುಳ್ಳೆಗಳು ಉಕ್ಕುತ್ತವೆ. ಸಿಲಿಕವು ಹೆಚ್ಚಾಗಿರುವ ರಸ ಬಲು ಮಂದವಾದುದು. ಅದರಿಂದ ಗುಳ್ಳೆಗಳು ಸುಲಭವಾಗಿ ತಪ್ಪಿಸಿಕೊಳ್ಳಲಾರವು. ಕಡೆಗೆ ರಸವೇ ಸಿಡಿದು ಆಕಾಶಕ್ಕೆ ಚಿಮ್ಮಿ, ಹರಳುಗಟ್ಟಲು ಅವಕಾಶವಿಲ್ಲದಷ್ಟು ಬೇಗನೆ ಆರಿ, ಗುಳ್ಳೆಗಳ ಸಮೇತ ಗಾಜಾಗುತ್ತದೆ. ನಮ್ಮ ವಿಜಯಪುರದ ಕಡೆಯ ಕರಿಕಲ್ಲೂ ಶಿಲಾರಸದಿಂದ ಆದದ್ದೇ. ಆದರೆ ಆ ರಸವು ತೆಳುವಾಗಿ ಹರಿದು, ಅನಿಲವನ್ನು ಸುಲಭವಾಗಿ ಬಿಟ್ಟುಕೊಟ್ಟಿತು.

1883ನೆಯ ಇಸವಿ ಆಗಸ್ಟ್ 26, 27ರಂದು ಜಾವಾ ಸುಮಾತ್ರಗಳ ನಡುವಣ ಕ್ರಕಟೋವ ದ್ವೀಪವು ಸಿಡಿದಾಗ, ಈ ನೊರೆ ಎಷ್ಟು ಭಯಂಕರವೆಂಬುದು ಲೋಕಕ್ಕೆ ತಿಳಿಯಿತು. 36,000ಕ್ಕೂ ಮಿಕ್ಕಿ ಜನ ಮಡಿದರು; ಬಹುಮಂದಿಯನ್ನು ಕೊಂದುದು ಸ್ಫೋಟದಿಂದ ಎದ್ದ ಸಮುದ್ರದ ಅಲೆ. ತೇಲುವ ಕಲ್ಲು ಹತ್ತಿರದ ಕೊಲ್ಲಿಗಳನ್ನು ಮುಚ್ಚಿ ಹಡಗುಗಳ ದಾರಿ ಕಟ್ಟಿತು. ಅದರ ತೆಪ್ಪಗಳು ಹಿಂದೂ ಮಹಾಸಾಗರವನ್ನು ದಾಟಿ ಆಫ್ರಿಕದ ಪೂರ್ವತೀರವನ್ನು ಮುಟ್ಟಿದುವು. ಕೆಲವುಗಳ ಮೇಲೆ ಮನುಷ್ಯರ ಅಸ್ಥಿಪಂಜರಗಳಿದ್ದುವೆಂದು ಅಂದಿನ ವರದಿಗಳು ಹೇಳುತ್ತವೆ. ತೀರ ಕಾಣದ ಕಲ್ಲುಗಳ ಗುಳ್ಳೆಗಳಿಗೆ ಮೆಲ್ಲಮೆಲ್ಲನೆ ನೀರು ಹೊಕ್ಕು, ಅವು ನಡುಗಡಲಿನಲ್ಲಿಯೇ ಮುಳುಗಿದುವು.