ನೆಲದ ಲೆಕ್ಕವನ್ನು ನುಡಿಗಿತ್ತ ಪಾದ್ರಿ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಗಣಿತದಂತಹ ಶಾಸ್ತ್ರವನ್ನು ತಾಯ್ನುಡಿಯಲ್ಲಿ ಕಲಿತರೆ ಮಕ್ಕಳು ಮುಂದೆ ಬಂದಾರೆಯೇ ಎಂಬ ಶಂಕೆ ನಮ್ಮ ಮನೆಗಳಲ್ಲಿ ಆಗಾಗ ತಲೆದೋರುತ್ತದೆ. ಅದಕ್ಕೆ ಸಮಾಧಾನವಾಗಿ ಪೋಲೆಂಡ್ ದೇಶದ ಸ್ಟಾನಿಸ್ಲಾವ್ ಸೋಲ್ಸ್ಕಿ ಎಂಬ ಪಾದ್ರಿಯ ಚರಿತ್ರೆಯನ್ನು ತಮ್ಮ ಮುಂದಿಡಬಯಸುತ್ತೇನೆ.

ಸೋಲ್ಸ್ಕಿಯವರು ಜನಿಸಿದ್ದು 1622ರಲ್ಲಿ, ಕಾಲಿಷ್ ಸೀಮೆಯಲ್ಲಿ. 1638ರಲ್ಲಿ, ಇನ್ನೂ ಎಳವೆಯಲ್ಲಿಯೇ, ಅವರು ಯೇಸುಸಭೆಯನ್ನು ಸೇರಿದರು. 1654ರಿಂದ ಕೆಲವು ವರ್ಷ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿದ್ದು, ಅಲ್ಲಿ ಸೆರೆಸಿಕ್ಕಿದ್ದ ಕ್ರೈಸ್ತ ಗುಲಾಮರ ಸೇವೆ ಮಾಡಿದರು. ಅವರು ಹಿಂದಿರುಗುವ ವೇಳೆಗೆ ಸ್ವೀಡನ್ನಿನ ಸೈನ್ಯದ ದಾಳಿಯಿಂದ ಅವರ ನಾಡು ಜರ್ಝರಿತವಾಗಿತ್ತು.

ತಾನೇ ತಾನಾಗಿ ನಿರಂತರ ಚಲಿಸುವ ಯಂತ್ರವನ್ನು ರಚಿಸುವ ಹಂಬಲ ಅವರಿಗಿತ್ತು. 1661ರಲ್ಲಿ ವಾರ್ಸಾದಲ್ಲಿ ಅದನ್ನು ದೊರೆಗೆ ತೋರಿಸಿದರು. ಅಂತಹ ಯಂತ್ರ ಅಸಾಧ್ಯವೆಂದು ಭೌತಶಾಸ್ತ್ರವು ಮುಂದೆ ನಿಶ್ಚಯಿಸಿತು. ಆ ಕನಸು ಫಲಿಸಲಿಲ್ಲ. ಫಲಿಸಿದ್ದು ನೆಲದ ಲೆಕ್ಕ. ಅರವತ್ತು ದಾಟಿದ ವಯಸ್ಸಿನಲ್ಲಿ, 1683ರಿಂದ 1686ರವರೆಗೆ, 'ಗೆಯೊಮೆತ್ರಾ ಪೋಲ್ಸ್ಕಿ' ಎಂಬ ಗ್ರಂಥವನ್ನು ಕ್ರಾಕೋವ್ ನಗರದಲ್ಲಿ ಮೂರು ಭಾಗಗಳಾಗಿ ಪ್ರಕಟಿಸಿದರು. 'ಪೋಲಿಷ್ ಕ್ಷೇತ್ರಗಣಿತಜ್ಞ' ಎಂದು ಅದರ ಅರ್ಥ. ಆ ಕಾಲದಲ್ಲಿ ವಿದ್ವಾಂಸರ ಭಾಷೆ ಲ್ಯಾಟಿನ್. ಸೋಲ್ಸ್ಕಿಯವರು ಬಲ್ಲ ಭಾಷೆಯೂ ಅದೇ. ಆದರೆ ಬರೆದದ್ದು ಜನರ ಭಾಷೆಯಲ್ಲಿ. 1566ರಲ್ಲಿ ಪೋಲಿಷಿನಲ್ಲಿ ಭೂಮಾಪನದ ಪುಸ್ತಕ ಬರೆದ ಗ್ಝೆಪ್ಸ್ಕಿಯವರು ಈ ಹಾದಿಯನ್ನು ಮೊದಲೇ ತೆರೆದಿದ್ದರು.

ಇದರಿಂದ ರೈತನಿಗೇನು ಲಾಭವೆಂದು ಕೇಳಬಹುದು. ನಾಲ್ಕು ಬದಿಯೂ ಹತ್ತು ಹತ್ತು ಮಾರು ಇರುವ, ಆದರೆ ಓರೆಯಾಗಿ ವಾಲಿದ ಹೊಲವೊಂದನ್ನು ಭಾವಿಸಿಕೊಳ್ಳಿ. ಬದಿಯನ್ನು ಬದಿಯಿಂದ ಗುಣಿಸುವವನು ಅದನ್ನು 100 ಚದರ ಮಾರು ಎನ್ನುವನು. ಎದುರುಬದುರು ಬದಿಗಳ ನಡುವಿನ ನೇರ ಅಂತರ ಆರೇ ಮಾರು ಆಗಿದ್ದರೆ ನಿಜವಾದ ನೆಲ 60 ಮಾತ್ರ. ಮೂಲೆಯಿಂದ ಮೂಲೆಗೆ ಹಗ್ಗವೆಳೆದು ಎರಡು ತ್ರಿಕೋನ ಮಾಡಿ ನೋಡಿದರೆ ತಲಾ 30 ಎಂದು ಮಕ್ಕಳೂ ಕಂಡಾರು. ಇದನ್ನರಿಯದೆ ಕೊಂಡವನು ಇಲ್ಲದ 40ಕ್ಕೆ ಹಣ ತೆತ್ತಂತೆ. ಶಾಸ್ತ್ರವು ಪರಭಾಷೆಯಲ್ಲಿ ಅಡಗಿದ್ದಷ್ಟು ಕಾಲ ಬಡವನ ಹೊಲ ಬಲ್ಲವರ ಬಾಯಿಮಾತಿನಲ್ಲಿರುತ್ತದೆ.

ಇನ್ನೊಂದು ಸಂಗತಿಯೂ ಗಮನಾರ್ಹ. ರೇಖೆ, ಕೋನ, ಆಕೃತಿಗಳಿಗೆ ಅವರು ಲ್ಯಾಟಿನ್ ಮೂಲದ ಮಾತುಗಳನ್ನೇ ಪೋಲಿಷ್ ಪ್ರತ್ಯಯ ಹಚ್ಚಿ ಬಳಸಿದರು. ಪಾಲು ಮಾಡುವುದು, ಅಳೆಯುವುದು ಮುಂತಾದ ಕೆಲಸಗಳಿಗೆ ದೇಶೀಯ ಮಾತುಗಳನ್ನಿಟ್ಟರು. ಎರವಲು ಪದಕ್ಕೆ ಅವರು ಅಂಜಲಿಲ್ಲ, ನುಡಿಯ ನಡೆಯನ್ನು ಬಿಡಲೂ ಇಲ್ಲ. ಕನ್ನಡದಲ್ಲಿ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ರಚಿಸಿದ ನಮ್ಮ ರಾಜಾದಿತ್ಯನೂ ಸಂಸ್ಕೃತ ಪದಗಳನ್ನು ಹೀಗೆಯೇ ಒಳಗೊಳಿಸಿಕೊಂಡವನು.

1690ರಲ್ಲಿ ಭಾರವೆತ್ತುವ ಯಂತ್ರಗಳನ್ನು ಕುರಿತು 'ಆರ್ಹಿತೆಕ್ತ್ ಪೋಲ್ಸ್ಕಿ'ಯನ್ನು ಹೊರತಂದ ಸೋಲ್ಸ್ಕಿಯವರು 1701ರಲ್ಲಿ ಕ್ರಾಕೋವಿನಲ್ಲಿ ತೀರಿಕೊಂಡರು. ಮುಂದೆ 1795ರಲ್ಲಿ ನೆರೆಯ ಅರಸರು ಪೋಲೆಂಡನ್ನು ಪೂರ್ಣವಾಗಿ ಹಂಚಿಕೊಂಡರು. 1918ರವರೆಗೆ ಆ ರಾಜ್ಯವೇ ಇರಲಿಲ್ಲ. ನಕ್ಷೆಯಲ್ಲಿ ನಾಡಿಲ್ಲದ ಆ ಕಾಲದಲ್ಲಿಯೂ ನುಡಿ ಉಳಿಯಿತು. ಹಾಡಿಗೂ ಪ್ರಾರ್ಥನೆಗೂ ಮಾತ್ರವಲ್ಲದೆ ಹೊಲದ ಲೆಕ್ಕಕ್ಕೂ ಒದಗುವ ನುಡಿಯನ್ನು ಜನ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಗಡಿಯಲ್ಲಿ ಬಾಳುವ ನಾವು ಈ ಮಾತನ್ನು ಮನಗಂಡು, ನಮ್ಮ ಮಕ್ಕಳ ಲೆಕ್ಕದ ಪುಸ್ತಕವನ್ನೂ ಕನ್ನಡದಲ್ಲಿಯೇ ತೆರೆಯೋಣವೆಂದು ಬಿನ್ನವಿಸಿ ವಿರಮಿಸುತ್ತೇನೆ.