ಆಸ್ಪತ್ರೆಯ ನಲ್ಲಿಯೂ ಪಂಚಾಯತಿಯ ಹೊಣೆ
(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಉಪನ್ಯಾಸದ ಪಠ್ಯ)

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ಗ್ರಾಮ ಪಂಚಾಯತಿಗಳ ಮಾನ್ಯ ಅಧ್ಯಕ್ಷರೇ, ಉಪಾಧ್ಯಕ್ಷರೇ, ಸದಸ್ಯ ಬಂಧುಗಳೇ,

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ನಿಧನರಾದರು. ಅದು ಕೋವಿಡ್‌ನಿಂದ ದೇಶದಲ್ಲಿ ಸಂಭವಿಸಿದ ಮೊದಲ ಮರಣವೆಂದು ಎರಡು ದಿನಗಳ ಬಳಿಕ ದೃಢಪಟ್ಟಿತು. ಕೆಲವೇ ದಿನಗಳಲ್ಲಿ, ಅವರಿಗೆ ಮನೆಯಲ್ಲಿ ಚಿಕಿತ್ಸೆ ನೀಡಿದ್ದ ವೈದ್ಯರಿಗೂ ಸೋಂಕು ತಗುಲಿರುವುದು ತಿಳಿದುಬಂದಿತು. ರೋಗಿಯಿಂದ ಆರೈಕೆ ಮಾಡುವವರಿಗೆ, ಅವರ ಕೈಯಿಂದ ಮತ್ತೊಬ್ಬ ರೋಗಿಗೆ ಸೋಂಕು ದಾಟಬಲ್ಲದು.

ಕೋವಿಡ್ ಇಳಿದರೂ ಈ ಅಪಾಯ ಇಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ತುರ್ತು ಚಿಕಿತ್ಸೆಯ ಆಸ್ಪತ್ರೆಗಳಿಗೆ ದಾಖಲಾಗುವ ಪ್ರತಿ 100 ರೋಗಿಗಳಲ್ಲಿ 15 ಮಂದಿಗೆ ಅಲ್ಲಿಯೇ ಕನಿಷ್ಠ ಒಂದು ಸೋಂಕು ತಗಲುತ್ತದೆ. ಶ್ರೀಮಂತ ದೇಶಗಳಲ್ಲಿ ಈ ಸಂಖ್ಯೆ 7.

ಇದರಲ್ಲಿ ಪಂಚಾಯತಿಯ ಪಾತ್ರವೇನು ಎಂಬ ಪ್ರಶ್ನೆ ಸಹಜ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಡಾ. ಸೆಮ್ಮೆಲ್‌ವೈಸ್ ಅವರು, ಹೆರಿಗೆ ಮಾಡಿಸುವ ವೈದ್ಯರು ಕ್ಲೋರಿನ್‌ಯುಕ್ತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ನಿಯಮ ಮಾಡಿದರು. ಬಾಣಂತಿಯರ ಸಾವು ಬಹುವಾಗಿ ಇಳಿಯಿತು. ನೀರಗಂಟಿಯು ಇಂದು ಊರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿಯೂ ಅದೇ ಬಗೆಯದು. ಆದರೆ ನಲ್ಲಿಯಲ್ಲಿ ನೀರಿಲ್ಲದಿದ್ದರೆ ದಾದಿಯರು ಕೈ ತೊಳೆಯುವುದು ಹೇಗೆ?

ಆದುದರಿಂದ ಈ ನಾಲ್ಕು ಅಂಶಗಳತ್ತ ಸದಸ್ಯರು ಗಮನ ಹರಿಸಬೇಕು.

ಒಂದು, ನೀರು. ಆರೋಗ್ಯ ಕೇಂದ್ರಕ್ಕೆ ಬೇಸಿಗೆಯಲ್ಲಿಯೂ ನೀರು ತಪ್ಪಬಾರದು. ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮಳೆಗಾಲದಲ್ಲಿ ಕಾಗಿಣಾ ನದಿಯ ನೀರು ಕದಡಿದಾಗ ಕ್ಲೋರಿನ್ನಿನ ಶಕ್ತಿ ಕುಗ್ಗುವುದರಿಂದ ಪರೀಕ್ಷೆ ಇನ್ನೂ ಅಗತ್ಯ.

ಎರಡು, ತ್ಯಾಜ್ಯ. 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೂಜಿಗಳು ಚುಚ್ಚಿ ಹೊರಬಾರದ ಬಿಳಿ ಡಬ್ಬಿಗೆ, ರಕ್ತಸಿಕ್ತ ಹತ್ತಿ-ಬಟ್ಟೆಗಳು ಹಳದಿ ಚೀಲಕ್ಕೆ ಸೇರಬೇಕು. ಅವು ಸ್ವಚ್ಛ ವಾಹಿನಿಗೆ ಬಂದರೆ ಕಸ ಬೇರ್ಪಡಿಸುವ ಮಹಿಳೆಯ ಕೈಗೆ ಸೂಜಿ ಚುಚ್ಚುತ್ತದೆ. ಹೆಪಟೈಟಿಸ್-ಬಿ ಹಾಗೂ ಎಚ್‌ಐವಿ ಹರಡುವ ಮಾರ್ಗಗಳಲ್ಲಿ ಇದೂ ಒಂದು. ಆಕೆಗೆ ದಪ್ಪ ಕೈಗವಸು ಹಾಗೂ ಹೆಪಟೈಟಿಸ್-ಬಿ ಲಸಿಕೆ ದೊರೆಯುವಂತೆ ನೋಡಿಕೊಳ್ಳಬೇಕು.

ಮೂರು, ಗಾಳಿ. ಈ ಭಾಗ ಕಲ್ಲುಗಣಿ ಹಾಗೂ ಸಿಮೆಂಟ್ ಕಾರ್ಖಾನೆಗಳ ನಾಡು. ಕಲ್ಲಿನ ಸಿಲಿಕಾ ಧೂಳಿನಿಂದ ಶ್ವಾಸಕೋಶ ಕೆಟ್ಟವರಿಗೆ ಕ್ಷಯ ತಗಲುವ ಸಂಭವ ಹೆಚ್ಚು. ಕ್ಷಯ ಗಾಳಿಯಲ್ಲಿ ಹರಡುವುದರಿಂದ ಕೆಮ್ಮುವವರನ್ನು ಕಿಟಕಿ ತೆರೆದ ಕೊಠಡಿಯಲ್ಲಿ ಅಥವಾ ಹೊರಗಿನ ನೆರಳಿನಲ್ಲಿ ಕೂರಿಸಬೇಕು. ಮುಚ್ಚಿದ ಕಿಟಕಿಯ ದುರಸ್ತಿಗೆ ಹೆಚ್ಚು ಹಣ ಬೇಕಿಲ್ಲ.

ನಾಲ್ಕು, ಗೌರವ. ವಾರ್ಡಿನಲ್ಲಿ ಒಬ್ಬ ರೋಗಿಯ ಬಳಿ ಒಬ್ಬರೇ ಇರಿ ಎಂದು ದಾದಿಯರು ಹೇಳಿದಾಗ ಜಗಳಕ್ಕಿಳಿಯದೆ ಪಾಲಿಸುವಂತೆ ಜನರಿಗೆ ತಿಳಿಹೇಳುವ ಕೆಲಸ ಸದಸ್ಯರದು.

ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ವ್ಯಾಪ್ತಿಯ ಆರೋಗ್ಯ ಕೇಂದ್ರಕ್ಕೆ ಹೋಗಿ ಒಮ್ಮೆ ನಲ್ಲಿ ತಿರುಗಿಸಿ ನೋಡಲಿ. ನೀರು ಬಾರದಿದ್ದರೆ ಅದೇ ಆ ಸಭೆಯ ಮೊದಲ ವಿಷಯವಾಗಲಿ.