ಕಿವಿಗೊಟ್ಟು ಕೇಳಿದಾಗ

ಕ್ರ್ಯಾಂಕ್ ಸೆನ್ಸರನ್ನು ನಾನೇ ಬಿಚ್ಚಿ ಮತ್ತೆ ಕೂರಿಸಿದ ಮೇಲೆ ನಮ್ಮ ಹಳೇ ಕಾರಿನ ಎಂಜಿನ್ ಕಟಕಟ ಅನ್ನತೊಡಗಿತು. ಟೈಮಿಂಗ್ ಚೈನೇ ಹೋಯಿತೆಂದು ಎದೆ ಧಸಕ್ಕೆಂದಿತು. ಮೆಕ್ಯಾನಿಕ್ ಗಾಬರಿಯಾಗಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೊತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಆಲಿಸಿದರು. "ಚೈನಲ್ಲ ಸಾರ್, ಸೆನ್ಸರ್ ಹತ್ರಾನೇ ಸದ್ದು" ಅಂದರು.

ಬಿಚ್ಚಿ ನೋಡಿದರೆ ಸೆನ್ಸರಿನ ಮೂತಿಯ ಮೇಲೆ ಹೊಸ ಗೀರು. ಅದರೆದುರು ತಿರುಗುವ ಚಕ್ರಕ್ಕೆ ಅನೇಕ ಎಂಜಿನ್‌ಗಳಲ್ಲಿ 60 ಹಲ್ಲಿನ ಜಾಗ, ಇರುವುದು 58. ಆ ಖಾಲಿ ಜಾಗ ಹಾದುಹೋಗುವುದರಿಂದಲೇ ಕ್ರ್ಯಾಂಕ್ ಎಲ್ಲಿದೆಯೆಂದು ಕಂಪ್ಯೂಟರಿಗೆ ಗೊತ್ತಾಗುವುದು. ಎಂಥ ಚೆಂದದ ಉಪಾಯ! ಹಲ್ಲಿಗೂ ಸೆನ್ಸರಿಗೂ ಸುಮಾರು 1 ಮಿಲಿಮೀಟರ್ ಸಂದು ಬೇಕು. ನಾನು ಅಡಿಯ ತೆಳು ವಾಷರನ್ನೇ ಮರೆತಿದ್ದೆ. ಅದು ಟೂಲ್ ಡಬ್ಬಿಯ ಮುಚ್ಚಳದಲ್ಲೇ ಇತ್ತು.